ಹೊಸ ಸರೋವರ, ತಣ್ಣನೆ ನೀರು: ಮೇ ತಿಂಗಳಲ್ಲಿ ವಾಲೈ ಎಲ್ಲಿರುತ್ತದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಈಗ ಮಿನ್ನೆಸೋಟದ ಈಡನ್ ಪ್ರೇರಿಯಲ್ಲಿದ್ದೇನೆ. ಊರಿನಲ್ಲಿ ತುಂಗೆಗೆ ಗಾಳ ಹಾಕಿ ಅಭ್ಯಾಸವಿದೆ. ಇಲ್ಲಿ ಬೇಸಿಗೆಯಲ್ಲಿ ಮನೆ ಹತ್ತಿರದ ಕೆರೆಗಳಲ್ಲಿ ಸನ್‌ಫಿಶ್, ಬಾಸ್ ಹಿಡಿದಿದ್ದೇನೆ. ಮೇ ತಿಂಗಳಲ್ಲಿ ವಾಲೈ ಅನ್ನುವ ಮೀನು ಹಿಡಿಯುವ ಸೀಸನ್ ಶುರುವಾಗುವ ವಾರಾಂತ್ಯಕ್ಕೆ ಎರಡು ಮನೆಯವರು ಸೇರಿ ಉತ್ತರಕ್ಕೆ ಹೋಗಬೇಕೆಂದಿದ್ದೇವೆ. ಷಿಕಾಗೋದಿಂದ ಒಬ್ಬ ಗೆಳೆಯನೂ ಬರುತ್ತಾನೆ. 8 ಮತ್ತು 12 ವರ್ಷದ ಮಕ್ಕಳಿದ್ದಾರೆ. ಸ್ವಂತ ದೋಣಿ ಇಲ್ಲ. ಆ ಕಡೆಯ ಒಂದು ಸರೋವರವನ್ನೂ ನಾವು ನೋಡಿಲ್ಲ. ಎಲ್ಲಿಗೆ ಹೋಗಬೇಕು? ಹೋದ ಮೇಲೆ ಮೀನನ್ನು ಎಲ್ಲಿ ಹುಡುಕಬೇಕು? ಹಿಡಿದದ್ದನ್ನು ಮಕ್ಕಳಿಗೆ ಕೊಡಬಹುದಾ?

ಉತ್ತರ: ಯಾವ ಸರೋವರ ಅನ್ನುವುದು ಆಮೇಲಿನ ಮಾತು. ಮೊದಲು ತಾರೀಖು ನೋಡೋಣ.

ಸೀಸನ್ ಶುರುವಾಗುವುದು ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರದ ರಜೆ) ವಾರಾಂತ್ಯಕ್ಕೆ ಎರಡು ವಾರ ಮೊದಲಿನ ಶನಿವಾರ. 2024ರಲ್ಲಿ ಮೇ 11, 2025ರಲ್ಲಿ ಮೇ 10. ಸರ್ಕಾರ ತಾರೀಖು ಇಡುತ್ತದೆ, ಆದರೆ ವಸಂತ ಅದನ್ನು ಕೇಳಿಕೊಂಡು ಬರುವುದಿಲ್ಲ. 2013ರಲ್ಲಿ ಸೀಸನ್ ತೆರೆದ ದಿನ ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಇನ್ನೂ ಐಸ್ ಇತ್ತು. ದೋಣಿ ತಂದವರು ದಡದಲ್ಲಿ ನಿಂತು ಕಾಫಿ ಕುಡಿದು ಬೇರೆ ಕಡೆ ಹೋಗಬೇಕಾಯಿತು. 2024ರಲ್ಲಿ ನೇರ ಉಲ್ಟಾ. ಚಳಿಗಾಲವೇ ಸರಿಯಾಗಿ ಬರಲಿಲ್ಲ, ನಿಮ್ಮ ಮನೆ ಪಕ್ಕದ ಮಿನ್ನೆಟೋಂಕ ಸರೋವರದಲ್ಲಿ ಮಾರ್ಚ್ ಮಧ್ಯಕ್ಕೇ ಐಸ್ ಹೋಗಿತ್ತು. ಕ್ಯಾಲೆಂಡರಿನಲ್ಲಿ ಅದೇ ವಾರಾಂತ್ಯ. ನೀರಿನೊಳಗೆ ಮಾತ್ರ ವಾರಗಳ ವ್ಯತ್ಯಾಸ.

ಆದ್ದರಿಂದ ಒಂದು ಸರೋವರದ ಹೆಸರಿಗೆ ಜೋತುಬೀಳಬೇಡಿ. ಒಂದು ಊರು ಹಿಡಿಯಿರಿ. ಅದರ ಸುತ್ತ ಬೇಗ ಬಿಸಿಯಾಗುವ ಸಣ್ಣ ನೀರು, ತಡವಾಗಿ ಬಿಸಿಯಾಗುವ ದೊಡ್ಡ ನೀರು, ನಡುವೆ ಹರಿಯುವ ನೀರು ಮೂರೂ ಇರಬೇಕು. ದೋಣಿ ಎಲ್ಲಿ ಇಳಿಸುವುದು ಎಂದು ಹೊರಡುವ ವಾರ ತೀರ್ಮಾನಿಸಿದರೆ ಸಾಕು. ರೂಮು ಮಾತ್ರ ಈಗಲೇ ಬುಕ್ ಮಾಡಿ, ಆ ವಾರಾಂತ್ಯಕ್ಕೆ ಉತ್ತರದ ಕ್ಯಾಬಿನ್ನುಗಳು ಬೇಗ ತುಂಬುತ್ತವೆ. ಇನ್ನೊಂದು ವಿಷಯ. ಸೀಸನ್ ತೆರೆಯುವ ಶನಿವಾರದ ಮರುದಿನ ಸಾಮಾನ್ಯವಾಗಿ ಮದರ್ಸ್ ಡೇ. ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಈಗ ಮೀನಿನ ವಿಷಯ. ವಾಲೈ ಮೊಟ್ಟೆ ಇಡುವುದು ನೀರು ಸುಮಾರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ, ಅಂದರೆ 6ರಿಂದ 10 ಡಿಗ್ರಿ ಸೆಲ್ಸಿಯಸ್. ರಾತ್ರಿ ಹೊತ್ತು, ಮೊಣಕಾಲಿನಿಂದ ಎದೆಮಟ್ಟದ ನೀರಿನಲ್ಲಿ, ಜಲ್ಲಿಕಲ್ಲಿನ ಮೇಲೆ. ಹೊಳೆ ಬಂದು ಸೇರುವ ಬಾಯಿ, ಇಲ್ಲವೇ ಗಾಳಿಗೆ ಅಲೆ ಬಡಿಯುವ ಕಲ್ಲುದಡ ಅದಕ್ಕೆ ಬೇಕು. ನೀರು ಆಡುತ್ತಿದ್ದರೆ ಮೊಟ್ಟೆಗೆ ಆಮ್ಲಜನಕ ಸಿಗುತ್ತದೆ, ಮೇಲೆ ಕೆಸರು ಕೂರುವುದಿಲ್ಲ. ಗೂಡು ಕಟ್ಟುವುದಿಲ್ಲ, ಮೊಟ್ಟೆ ಕಾಯುವುದೂ ಇಲ್ಲ. ನಿಮ್ಮ ಕಡೆ ಮೊದಲ ಮಳೆಗೆ ಹತ್ತುವ ಮೀನು ಹಳ್ಳ ಏರಿ ಗದ್ದೆಗೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಅಲ್ಲಿ ಹೊಸ ಮಳೆನೀರು ಕರೆಯುತ್ತದೆ, ಇಲ್ಲಿ ನೀರಿನ ಬಿಸಿ ಕರೆಯುತ್ತದೆ.

ಮೊಟ್ಟೆ ಇಟ್ಟ ದೊಡ್ಡ ಹೆಣ್ಣುಗಳು ಬೇಗ ಆ ಜಾಗ ಬಿಡುತ್ತವೆ. ಕೆಲವು ದಿನ ಸುಸ್ತಾಗಿ ಸುಮ್ನೆ ಇರುತ್ತವೆ, ಸರಿಯಾಗಿ ತಿನ್ನುವುದೂ ಇಲ್ಲ. ಸಣ್ಣ ಗಂಡುಗಳು ಮಾತ್ರ ಅಲ್ಲೇ ಸುತ್ತಾಡಿಕೊಂಡಿರುತ್ತವೆ. ಸೀಸನ್ನಿನ ಮೊದಲ ವಾರ ಎಲ್ಲರಿಗೂ ಸಿಗುವುದು ಹೆಚ್ಚಾಗಿ ಈ ಗಂಡುಗಳೇ. ತಿನ್ನಲು ಒಳ್ಳೆಯ ಅಳತೆ ಕೂಡ ಇದೇ. ದೊಡ್ಡ ಮೀನಿನ ಫೋಟೋ ಬೇಕು ಅಂದರೆ ಜೂನ್‌ನಲ್ಲಿ ಮತ್ತೆ ಹೋಗಿ.

ಇಷ್ಟು ಗೊತ್ತಿದ್ದರೆ ಹೊಸ ಸರೋವರ ಅಷ್ಟು ಹೊಸದಾಗಿ ಉಳಿಯುವುದಿಲ್ಲ. ಐಸ್ ತಡವಾಗಿ ಹೋಗಿ ನೀರು ಇನ್ನೂ 45ರ ಆಸುಪಾಸಿದ್ದರೆ ಮೀನು ಹೊಳೆಬಾಯಿ, ಎರಡು ಸರೋವರ ಕೂಡುವ ಕಿರಿದಾದ ಕಾಲುವೆ, ಸೇತುವೆ ಕೆಳಗಿನ ಸೆಳವು ಇಂಥ ಕಡೆ ಇರುತ್ತದೆ. 50 ದಾಟಿದ್ದರೆ ಅದೇ ಜಾಗದಿಂದ ಹೊರಗೆ ಮೊದಲ ಇಳಿಜಾರು ಹುಡುಕಿ. 6ರಿಂದ 12 ಅಡಿ ಆಳ ನೋಡಿ. ಬೇಗ ಬಂದ ವಸಂತವಾಗಿ ನೀರು 55 ಮೀರಿದ್ದರೆ ಹೊಳೆಬಾಯಿ ಮರೆತುಬಿಡಿ. ಆಗ ಹೊಸದಾಗಿ ಚಿಗುರುತ್ತಿರುವ ಜಲಸಸ್ಯದ ಅಂಚು, ಮರಳು ಮತ್ತು ಜಲ್ಲಿ ಸೇರುವ ತಟ್ಟು. ಮೇ ತಿಂಗಳ ಕೊನೆಗೆ ಶೈನರ್ ಅನ್ನುವ ಬೆಳ್ಳಿ ಬಣ್ಣದ ಸಣ್ಣ ಮೀನುಗಳು ಮೊಟ್ಟೆ ಇಡಲು ದಡಕ್ಕೆ ಬರುತ್ತವೆ. ಅವುಗಳ ಹಿಂದೆಯೇ ವಾಲೈ ಬರುತ್ತದೆ.

ಹಾಗಾದರೆ ಎಲ್ಲಿಗೆ? ನನ್ನನ್ನು ಕೇಳಿದರೆ ಡೀರ್ ರಿವರ್ ಊರಿನ ಸುತ್ತಮುತ್ತ. ನಿಮ್ಮ ಮನೆಯಿಂದ ಮೂರೂವರೆ, ನಾಲ್ಕು ಗಂಟೆ ದಾರಿ. ಅಲ್ಲಿ ವಿನ್ನಿಬಿಗೋಶಿಶ್ ಇದೆ, ಜನ ವಿನ್ನಿ ಅನ್ನುತ್ತಾರೆ. ಸುಮಾರು 58,000 ಎಕರೆ ನೀರು. ಮಿಸಿಸಿಪ್ಪಿ ನದಿ ಪಶ್ಚಿಮದಿಂದ ಒಳಗೆ ಬಂದು ಪೂರ್ವದ ಅಣೆಕಟ್ಟಿನಿಂದ ಹೊರಗೆ ಹೋಗುತ್ತದೆ. ಪಕ್ಕದಲ್ಲೇ ಕಟ್ ಫುಟ್ ಸೂ ಅನ್ನುವ ಚಿಕ್ಕ ಸರೋವರ, ಎರಡಕ್ಕೂ ನಡುವೆ ದೋಣಿ ಹೋಗುವ ಕಿರಿದಾದ ದಾರಿ. ಮರಿ ಬೆಳೆಸಲು ರಾಜ್ಯದ ಡಿಎನ್‌ಆರ್, ಅಂದರೆ ನೈಸರ್ಗಿಕ ಸಂಪನ್ಮೂಲ ಇಲಾಖೆ, ವಾಲೈ ಮೊಟ್ಟೆ ಸಂಗ್ರಹಿಸುತ್ತಾ ಬಂದಿರುವ ಜಾಗಗಳಲ್ಲಿ ಇದೂ ಒಂದು. ವಸಂತದಲ್ಲಿ ಮೀನು ಎಲ್ಲಿ ಸೇರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಚಿಕ್ಕದಾದ್ದರಿಂದ ವಿನ್ನಿಗಿಂತ ಮೊದಲೇ ಬಿಸಿಯಾಗುತ್ತದೆ. ವಿನ್ನಿಯಲ್ಲಿ ಗಾಳಿ ಎದ್ದರೆ ಓಡಿಬಂದು ಸೇರಿಕೊಳ್ಳಲೂ ಆಗುತ್ತದೆ. ಮೊದಲ ಶನಿವಾರ ದೋಣಿಗಳ ಜಾತ್ರೆ ಇರುತ್ತದೆ, ಅದೊಂದು ಸಹಿಸಿಕೊಳ್ಳಬೇಕು. ಅಣೆಕಟ್ಟಿನ ಹತ್ತಿರ ಸೇನೆಯ ಎಂಜಿನಿಯರುಗಳ ವಿಭಾಗ ನೋಡಿಕೊಳ್ಳುವ ಜಾಗವಿದೆ. ದಡದಿಂದಲೇ ಗಾಳ ಹಾಕಬಹುದು. ಮಕ್ಕಳಿಗೆ ದೋಣಿ ಸಾಕಾದ ಮಧ್ಯಾಹ್ನಕ್ಕೆ ಅದು ಚೆನ್ನ.

ಎರಡನೇ ಆಯ್ಕೆ ಅಪ್ಪರ್ ರೆಡ್ ಸರೋವರದ ಪೂರ್ವ ಭಾಗ, ವಾಸ್ಕಿಶ್ ಊರು. ದೂರ ಜಾಸ್ತಿ, ಆದರೆ ಹೊಸಬರಿಗೆ ಸುಲಭದ ನೀರು. ಇಡೀ ಸರೋವರ ತಟ್ಟೆಯಷ್ಟು ಆಳವಿಲ್ಲ ಅಂತಲೇ ಅನ್ನಬಹುದು, ನೀರು ಚಹಾ ಬಣ್ಣ. ಬೇಗ ಬಿಸಿಯಾಗುತ್ತದೆ, ಹಗಲಲ್ಲೂ ಮೀನು ಕಚ್ಚುತ್ತದೆ. 1990ರ ದಶಕದಲ್ಲಿ ವಿಪರೀತ ಹಿಡಿದು ಇಲ್ಲಿನ ವಾಲೈ ಖಾಲಿಯಾಗಿತ್ತು. 1999ರಲ್ಲಿ ನಿಲ್ಲಿಸಿ, ಮರಿ ಬಿಟ್ಟು, 2006ರಲ್ಲಿ ಮತ್ತೆ ತೆರೆದರು. ಇಲ್ಲೊಂದು ಎಚ್ಚರಿಕೆ. ಈ ಸರೋವರದ ಪಶ್ಚಿಮ ಭಾಗ ಮತ್ತು ಲೋವರ್ ರೆಡ್ ಪೂರ್ತಿ ರೆಡ್ ಲೇಕ್ ನೇಷನ್‌ನ ಮೂಲನಿವಾಸಿಗಳಿಗೆ ಸೇರಿದ್ದು. ಆ ಗಡಿ ದಾಟಿ ನೀವು ಗಾಳ ಹಾಕುವ ಹಾಗಿಲ್ಲ. ನಕ್ಷೆಯಲ್ಲಿ ಗಡಿ ನೋಡಿಕೊಂಡು ಹೊರಡಿ.

ಎಲ್ಲರೂ ಹೇಳುವ ಮಿಲ್ ಲ್ಯಾಕ್ಸ್ ನಿಮಗೆ ಹತ್ತಿರ, ಎರಡು ಗಂಟೆಯೊಳಗೆ ಮುಟ್ಟಬಹುದು. ಆದರೂ ಮೊದಲ ಸಲಕ್ಕೆ ನಾನು ಕಳಿಸುವುದಿಲ್ಲ. ಅಲ್ಲಿನ ವಾಲೈ ನಿಯಮ ವರ್ಷವರ್ಷಕ್ಕೂ ಬದಲಾಗುತ್ತದೆ. ಜೀಬ್ರಾ ಮಸಲ್ ಅನ್ನುವ ಹೊರಗಿನ ಚಿಪ್ಪುಜೀವಿ ಸೇರಿದ ಮೇಲೆ ನೀರು ತಿಳಿಯಾಗಿದೆ. ವಾಲೈ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರವಿದೆ, ಮಬ್ಬಿನಲ್ಲಿ ಅದಕ್ಕೆ ನಮಗಿಂತ ಚೆನ್ನಾಗಿ ಕಾಣುತ್ತದೆ. ತಿಳಿನೀರಿನಲ್ಲಿ ಬಿಸಿಲು ಹೊತ್ತು ಅದು ಬಾಯಿ ತೆರೆಯುವುದು ಕಷ್ಟ. ಮುಸ್ಸಂಜೆಗೆ ಕಾಯಬೇಕು. ಮಕ್ಕಳನ್ನು ಕಟ್ಟಿಕೊಂಡು ಆ ಚಳಿಯಲ್ಲಿ ಮುಸ್ಸಂಜೆಗೆ ಕಾಯುವುದು ಯಾರಿಗೆ ಬೇಕು?

ವಿನ್ನಿಯಲ್ಲೂ ಆ ಮಸಲ್ ಇದೆ. ಆದ್ದರಿಂದ ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವಾಗ ದೋಣಿಯ ತಳದ ಬಿರಡೆ ತೆಗೆದು ನೀರೆಲ್ಲ ಬಸಿಯಬೇಕು, ಅಂಟಿದ ಪಾಚಿ ಕೀಳಬೇಕು, ಮಿನ್ನೋ, ಅಂದರೆ ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನು, ಇಟ್ಟ ಬಕೆಟ್ಟಿನ ನೀರು ಕೂಡ ಚೆಲ್ಲಬೇಕು. ಮಿನ್ನೋ ಉಳಿಸಿಕೊಳ್ಳುವುದಾದರೆ ಮನೆಯ ನಲ್ಲಿ ನೀರೋ ಬಾಟಲ್ ನೀರೋ ತುಂಬಿಕೊಳ್ಳಿ. ಬೇಡವಾದ ಮಿನ್ನೋ ಕಸದ ಬುಟ್ಟಿಗೆ, ಸರೋವರಕ್ಕಲ್ಲ. ಇದು ಬರೀ ಒಳ್ಳೆಯ ನಡತೆಯಲ್ಲ, ಕಾನೂನು.

ಮನೆಯಲ್ಲಿ ಕೂತು ಮಾಡುವ ಕೆಲಸ ಒಂದು ಸಂಜೆಯದ್ದು. ಡಿಎನ್‌ಆರ್‌ನ ಲೇಕ್‌ಫೈಂಡರ್ ಪುಟದಲ್ಲಿ ಸರೋವರದ ಹೆಸರು ಹಾಕಿದರೆ ಆಳದ ನಕ್ಷೆ, ಬಲೆ ಹಾಕಿ ನೋಡಿದ ಸಮೀಕ್ಷೆ, ಮರಿ ಬಿಟ್ಟ ಲೆಕ್ಕ, ನೀರು ಎಷ್ಟು ತಿಳಿ ಅನ್ನುವುದು, ಎಲ್ಲ ಪುಕ್ಕಟೆ ಸಿಗುತ್ತದೆ. ನಾನು ಮೊದಲು ನೋಡುವುದು ತಿಳಿ ಎಷ್ಟು ಅಂತ. ಆಮೇಲೆ ಸಮೀಕ್ಷೆಯಲ್ಲಿ ಸಿಕ್ಕ ವಾಲೈಗಳ ಉದ್ದ. ಒಂದೇ ಅಳತೆಯ ಮೀನು ರಾಶಿ ಇದ್ದರೆ ಒಂದು ವರ್ಷದ ಮರಿಗಳು ಚೆನ್ನಾಗಿ ಬದುಕಿವೆ ಎಂದರ್ಥ. ನಕ್ಷೆಯಲ್ಲಿ ಮೂರು ಗುರುತು ಹಾಕಿ: ಹೊಳೆ ಸೇರುವ ಕಡೆ, ಸರೋವರ ಸೊಂಟ ಕಿರಿದಾಗುವ ಕಡೆ, ಮತ್ತು ಉತ್ತರ ದಡದ ತಗ್ಗು ಕೊಲ್ಲಿಗಳು. ಉತ್ತರದ ಕೊಲ್ಲಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಉತ್ತರದ ಚಳಿಗಾಳಿ ತಟ್ಟುವುದಿಲ್ಲ. ಇಡೀ ಸರೋವರ ಇನ್ನೂ ತಣ್ಣಗಿರುವಾಗ ಅಲ್ಲಿ ಎರಡು ಮೂರು ಡಿಗ್ರಿ ಜಾಸ್ತಿ ಇರುತ್ತದೆ. ಈ ಋತುವಿನಲ್ಲಿ ಅಷ್ಟೇ ಸಾಕು.

ಹೊರಡುವ ವಾರ ಎರಡು ಫೋನ್ ಮಾಡಿ. ಒಂದು ರೆಸಾರ್ಟಿಗೆ, ಒಂದು ಆ ಊರಿನ ಬೇಟ್ ಅಂಗಡಿಗೆ, ಅಂದರೆ ಗಾಳಕ್ಕೆ ಸಿಕ್ಕಿಸುವ ಎರೆ ಮಾರುವ ಅಂಗಡಿಗೆ. "ಮೀನು ಸಿಗುತ್ತಾ?" ಅಂತ ಕೇಳಬೇಡಿ. ಸಿಗುತ್ತೆ ಅಂತಲೇ ಹೇಳುತ್ತಾರೆ. ನೀರು ಎಷ್ಟು ಡಿಗ್ರಿ, ಹೊಳೆಯಲ್ಲಿ ಸೆಳವಿದೆಯಾ, ದೋಣಿ ಇಳಿಸುವ ಕಡೆ ಡಾಕ್ ಹಾಕಿದ್ದಾರಾ, ನಿನ್ನೆ ಜನ ಕೊಂಡದ್ದು ಶೈನರೋ ಜಿಗಣೆಯೋ, ಇವನ್ನು ಕೇಳಿ. ಹೋದ ಮೇಲೆ ಅದೇ ಅಂಗಡಿಯಲ್ಲಿ ಮಿನ್ನೋ ಕೊಳ್ಳಿ. ಕೌಂಟರಿನಲ್ಲಿ ಸಿಗುವ ಮಾತು ಫೋನಿನಲ್ಲಿ ಸಿಕ್ಕಿದ್ದಕ್ಕಿಂತ ಯಾವಾಗಲೂ ಬೆಲೆಯುಳ್ಳದ್ದು. ನೀರಿನೊಳಗಿನ ಮೀನು ತೋರಿಸುವ ದುಬಾರಿ ಸೋನಾರ್ ಯಂತ್ರ ಕೊಳ್ಳುವ ಯೋಚನೆ ಇದ್ದರೆ ಬಿಡಿ. ಅದರ ಒಂದು ಪಾಲು ದುಡ್ಡಿನಲ್ಲಿ ಮೊದಲ ದಿನ ಅರ್ಧ ದಿನಕ್ಕೆ ಸ್ಥಳೀಯ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ಉಳಿದ ದಿನಗಳಿಗೆ ಅವರೇ ನಕ್ಷೆ.

ರೆಸಾರ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದು 16 ಅಡಿಯ ಅಲ್ಯೂಮಿನಿಯಂ ದೋಣಿ ಮತ್ತು ಸಣ್ಣ ಮೋಟರ್. ನಿಮ್ಮ ಗುಂಪಿಗೆ ಎರಡು ಬೇಕು, ಒಂದರಲ್ಲೇ ತುಂಬಿಕೊಳ್ಳಬೇಡಿ. 2025ರ ಜುಲೈನಿಂದ ಮೋಟರ್ ದೋಣಿ ನಡೆಸಲು ಚಿಕ್ಕ ವಯಸ್ಸಿನವರಿಗೆ ಪರ್ಮಿಟ್ ಕಡ್ಡಾಯವಾಗಿದೆ. ಈ ನಿಯಮ ಹಂತಹಂತವಾಗಿ 2028ರವರೆಗೆ ಇನ್ನಷ್ಟು ಜನಕ್ಕೆ ಬರುತ್ತದೆ. ನಿಮ್ಮ ವಯಸ್ಸಿಗೆ, ಬಾಡಿಗೆ ದೋಣಿಗೆ ಹೇಗೆ ಅಂತ ಬುಕ್ ಮಾಡುವಾಗಲೇ ಕೇಳಿ.

ಗಾಳದ ಸಾಮಾನು ಜಾಸ್ತಿ ಬೇಡ. ಮಧ್ಯಮ ಗಾತ್ರದ ಸ್ಪಿನ್ನಿಂಗ್ ರಾಡ್, 6 ಅಥವಾ 8 ಪೌಂಡ್ ಭಾರ ತಡೆಯುವ ದಾರ, ಕೆಲವು ಜಿಗ್‌ಗಳು. ಜಿಗ್ ಅಂದರೆ ಕೊಕ್ಕೆಯ ತಲೆಗೇ ಸೀಸದ ಗುಂಡು ಹೊಯ್ದ ಗಾಳ. 8 ಅಡಿ ನೀರಿಗೆ ಒಂದು ಔನ್ಸಿನ ಎಂಟನೇ ಒಂದು ಭಾಗ ತೂಕ ಸಾಕು. ಗಾಳಿ ಅಥವಾ ಸೆಳವು ಇದ್ದರೆ ನಾಲ್ಕನೇ ಒಂದು ಭಾಗ. ಬಣ್ಣದ ಬಗ್ಗೆ ದೋಣಿಯಲ್ಲಿ ಜಗಳ ಆಗುತ್ತದೆ. ಕಂದು ನೀರಿಗೆ ಕಿತ್ತಳೆ, ಗಿಳಿಹಸಿರು, ಬಂಗಾರದ ಬಣ್ಣ ಇಟ್ಟುಕೊಂಡು ಸುಮ್ಮನಾಗಿ.

ಶೈನರನ್ನು ಕೊಕ್ಕೆಗೆ ಹಾಕುವ ರೀತಿ ಕಲಿತುಕೊಳ್ಳಿ. ಬಾಯಿಯಿಂದ ಒಳಗೆ, ಕಿವಿರಿನಿಂದ ಹೊರಗೆ ತಂದು, ಮತ್ತೆ ಬೆನ್ನಿಗೆ ಚುಚ್ಚಿ ಎಳೆದರೆ ಮೀನು ಕೊಕ್ಕೆಗೆ ನೇರವಾಗಿ ಕೂರುತ್ತದೆ. ಜಿಗ್ ತಳ ಮುಟ್ಟಲಿ. ಅರ್ಧ ಅಡಿ ಎತ್ತಿ, ಇಳಿಸಿ, ಸ್ವಲ್ಪ ಎಳೆಯಿರಿ. ತಣ್ಣೀರಿನಲ್ಲಿ ಎಷ್ಟು ನಿಧಾನ ಅಂತ ಅನಿಸುತ್ತದೋ ಅದಕ್ಕಿಂತಲೂ ನಿಧಾನ. ಬಾಸ್ ತರಹ ಅದು ಬಡಿಯುವುದಿಲ್ಲ. ದಾರ ಸುಮ್ನೆ ಭಾರವಾದ ಹಾಗೆ, ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಆಗ ರಾಡ್ ತುದಿಯನ್ನು ಒಂದು ಕ್ಷಣ ಮೀನಿನ ಕಡೆ ಬಿಟ್ಟುಕೊಟ್ಟು, ಆಮೇಲೆ ಎತ್ತಿ. ನೀರು 50 ದಾಟಿದ ಮೇಲೆ ಜಿಗಣೆ, ಎರೆಹುಳು ಕೆಲಸ ಮಾಡಲು ಶುರುಮಾಡುತ್ತವೆ. ಅದಕ್ಕೂ ಮೊದಲು ಜಿಗಣೆ ಚಳಿಗೆ ಉಂಡೆಯಾಗಿ ಕೂರುತ್ತದೆ, ದುಡ್ಡು ದಂಡ.

ಮಕ್ಕಳಿಗೆ ಜಿಗ್ ಕೊಡಬೇಡಿ, ಬೇಸರವಾಗುತ್ತದೆ. ದಾರದ ಮೇಲೆ ಜಾರುವ ಬೆಂಡು ಕಟ್ಟಿ, ತಳದಿಂದ ಒಂದಡಿ ಮೇಲೆ ಮಿನ್ನೋ ನಿಲ್ಲುವ ಹಾಗೆ ಗಂಟು ಹಾಕಿ ಕೊಡಿ. ಬೆಂಡು ಮುಳುಗುವುದನ್ನು ನೋಡುವ ಖುಷಿ ತುಂಗೆಯಲ್ಲೂ ಒಂದೇ, ಇಲ್ಲೂ ಒಂದೇ ಅಲ್ವಾ. ಒಂದು ನೆನಪಿಡಿ: ಮಿನ್ನೆಸೋಟದ ಒಳನಾಡಿನ ನೀರಿನಲ್ಲಿ ಐಸ್ ಇಲ್ಲದಾಗ ಒಬ್ಬರಿಗೆ ಒಂದೇ ದಾರ.

ನೀರಿಗಿಳಿದ ಮೊದಲ ದಿನ ಎಲ್ಲರಿಗಿಂತ ಮೊದಲು ಏಳುವ ಹಠ ಬೇಡ. ತಣ್ಣನೆ ವಸಂತದಲ್ಲಿ ಮಧ್ಯಾಹ್ನದ ಬಿಸಿಲು ತಗ್ಗು ನೀರನ್ನು ಬಿಸಿ ಮಾಡಿದ ಮೇಲೆಯೇ ಮೀನು ಚುರುಕಾಗುವುದು. ಸೂರ್ಯ ಮುಳುಗುವ ಹೊತ್ತಿನ ಗಂಟೆಯನ್ನಂತೂ ಬಿಡಬೇಡಿ. ಬೆಳಿಗ್ಗೆಯ ಹೊತ್ತು ಥರ್ಮಾಮೀಟರ್ ಹಿಡಿದು ಗುರುತು ಹಾಕಿದ ಜಾಗಗಳನ್ನು ಸುತ್ತಿ ಬನ್ನಿ. ಅತಿ ಬಿಸಿಯಾದ ನೀರು ಎಲ್ಲಿದೆ, ಗಾಳಿ ಯಾವ ದಡಕ್ಕೆ ಬೀಸುತ್ತಿದೆ, ಇವೆರಡು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಸಣ್ಣ ಅಲೆ ಇರುವ ದಡ ಕನ್ನಡಿಯಂಥ ನೀರಿಗಿಂತ ಮೇಲು. ಅಲೆ ಬೆಳಕನ್ನು ಒಡೆಯುತ್ತದೆ, ಸಣ್ಣ ಮೀನನ್ನು ಆ ಕಡೆ ತಳ್ಳುತ್ತದೆ. ಒಂದು ಜಾಗದಲ್ಲಿ 20 ನಿಮಿಷದಲ್ಲಿ ಏನೂ ಕಚ್ಚದಿದ್ದರೆ ಹೊರಡಿ. ಕೆಲವು ಹೊಳೆಬಾಯಿಗಳಲ್ಲಿ ಮೊಟ್ಟೆಯ ಕಾಲಕ್ಕೆ ಗಾಳ ನಿಷೇಧಿಸಿ ಫಲಕ ಹಾಕಿರುತ್ತಾರೆ. ಫಲಕ ಕಂಡರೆ ಹಿಂದೆ ತಿರುಗಿ.

ಈಗ ಚಳಿ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಗಾಳಿ 70 ಡಿಗ್ರಿ ಫ್ಯಾರನ್‌ಹೀಟ್ ಇದ್ದು ಟಿ ಷರ್ಟಿನಲ್ಲಿ ಕೂತಿದ್ದರೂ ನೀರು 45 ಇರುತ್ತದೆ. ಅದರಲ್ಲಿ ಬಿದ್ದರೆ ಈಜು ಬರುತ್ತೆ ಅನ್ನುವ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ಇಲ್ಲಿನವರು 1-10-1 ಅನ್ನುತ್ತಾರೆ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ಇರುವುದು ಸುಮಾರು ಒಂದು ಗಂಟೆ. ಕೊನೆಯ ಎರಡು ಅಂಕಿ ಲೈಫ್ ಜಾಕೆಟ್ ಹಾಕಿದವರಿಗೆ ಮಾತ್ರ ಉಪಯೋಗ. 10 ವರ್ಷದೊಳಗಿನ ಮಕ್ಕಳಿಗೆ ದೋಣಿ ಸಾಗುತ್ತಿರುವಾಗ ಜಾಕೆಟ್ ಕಾನೂನಿನಂತೆ ಕಡ್ಡಾಯ. ನಿಮ್ಮ 12ರ ಮಗುವಿಗೂ, ನಿಮಗೂ ನಾನೇ ಕಡ್ಡಾಯ ಮಾಡುತ್ತಿದ್ದೇನೆ. ವಿನ್ನಿಯ ನಡುವೆ ಬಿಳಿ ನೊರೆಯ ಅಲೆ ಕಂಡ ಕೂಡಲೇ ದಡಕ್ಕೆ ಬನ್ನಿ, ಮೀನು ಕಚ್ಚುತ್ತಿದ್ದರೂ ಸರಿ. ಆ ವಾರ ಹಿಮ ಬಿದ್ದರೂ ಆಶ್ಚರ್ಯವಿಲ್ಲ. ಕೈಗವಸು, ಮಳೆ ಕೋಟು, ಒಂದು ಜೊತೆ ಒಣ ಬಟ್ಟೆ ದೋಣಿಯಲ್ಲೇ ಇರಲಿ.

ಲೈಸೆನ್ಸ್ ವಿಷಯ ಚಿಕ್ಕದು. 16 ತುಂಬಿದವರಿಗೆಲ್ಲ ಬೇಕು. ಈ ರಾಜ್ಯದಲ್ಲಿ ಸತತ 60 ದಿನ ವಾಸವಿದ್ದರೆ ನಿಮಗೆ ನಿವಾಸಿ ದರ. ಷಿಕಾಗೋ ಗೆಳೆಯ ಹೊರಗಿನವರ ಲೈಸೆನ್ಸ್ ತೆಗೆದುಕೊಳ್ಳಬೇಕು, ಅದರಲ್ಲಿ ಮೂರು ದಿನದ್ದು, ವಾರದ್ದು ಎಲ್ಲ ಇವೆ. ಎಷ್ಟು ಮೀನು, ಯಾವ ಅಳತೆ ಅನ್ನುವುದಕ್ಕೆ ಆ ವರ್ಷದ ನಿಯಮ ಪುಸ್ತಕದಲ್ಲಿ ಆ ಸರೋವರದ ಹೆಸರನ್ನೇ ಹುಡುಕಿ ಓದಿ. ರಾಜ್ಯಕ್ಕೆಲ್ಲ ಒಂದು ನಿಯಮ ಇರುತ್ತದೆ, ದೊಡ್ಡ ಸರೋವರಗಳಿಗೆ ಅವುಗಳದ್ದೇ ಬೇರೆ ಇರುತ್ತದೆ. ಉದಾಹರಣೆಗೆ, 18ರಿಂದ 23 ಇಂಚಿನ ನಡುವಿನದ್ದನ್ನೆಲ್ಲ ಕೂಡಲೇ ನೀರಿಗೆ ಬಿಡಬೇಕು ಅನ್ನುವ ತರಹದ ನಿಯಮ. ಆದ್ದರಿಂದ ಅಳತೆಪಟ್ಟಿ ದೋಣಿಯಲ್ಲಿರಲಿ. ನೀರಿನ ಮೇಲೆ ಮೀನು ಕತ್ತರಿಸಬೇಡಿ. ದಡದಲ್ಲಿ ಹೋಳು ಮಾಡಿ ಮನೆಗೆ ಒಯ್ಯುವಾಗಲೂ ಪ್ರತಿ ಹೋಳಿನಲ್ಲಿ ಒಂದು ಚದರ ಇಂಚು ಚರ್ಮ, ಹುರುಪೆ ಸಮೇತ ಉಳಿಸಿ. ಯಾವ ಮೀನು ಅಂತ ಅಧಿಕಾರಿಗೆ ಗೊತ್ತಾಗಬೇಕಲ್ಲ.

ಮೇ ತನಕ ಕಾಯಲು ಆಗದಿದ್ದರೆ ಏಪ್ರಿಲ್‌ನಲ್ಲಿ ರೆಡ್ ವಿಂಗ್‌ಗೆ ಒಂದು ದಿನ ಹೋಗಿಬನ್ನಿ, ನಿಮಗೆ ಒಂದು ಗಂಟೆ ದಾರಿ. ವಿಸ್ಕಾನ್ಸಿನ್ ಗಡಿಯ ಮಿಸಿಸಿಪ್ಪಿಯಲ್ಲಿ ವಾಲೈಗೆ ವರ್ಷವಿಡೀ ಅವಕಾಶವಿದೆ. ಅಲ್ಲಿನ 3ನೇ ಅಣೆಕಟ್ಟಿನ ಕೆಳಗೆ ವಸಂತದಲ್ಲಿ ಮೀನು ಸೇರುತ್ತದೆ. ಜಿಗ್ ಹಿಡಿಯುವ ಕೈ ಪಳಗಲು ಒಳ್ಳೆಯ ಜಾಗ. ಹೊಟ್ಟೆ ತುಂಬಿದ ಹೆಣ್ಣು ಸಿಕ್ಕರೆ ಬಿಟ್ಟುಬಿಡಿ.

ಕೊನೆಗೆ ಊಟ. ಮಕ್ಕಳಿಗೆ ಕೊಡಬಹುದು, ಮಿತಿಯಲ್ಲಿ. ವಾಲೈ ಬೇರೆ ಮೀನು ತಿಂದು ಬದುಕುವ ಮೀನು. ದೊಡ್ಡದಾದಷ್ಟೂ ಮೈಯಲ್ಲಿ ಪಾದರಸ ಜಾಸ್ತಿ. ಮಕ್ಕಳಿಗೆ, ಬಸುರಿಯರಿಗೆ, ಬಸುರಾಗಬಹುದಾದ ಹೆಂಗಸರಿಗೆ ಇಲ್ಲಿನ ಆರೋಗ್ಯ ಇಲಾಖೆ ಬೇರೆಯೇ ಮಿತಿ ಹೇಳುತ್ತದೆ. ಸ್ಥೂಲವಾಗಿ 20 ಇಂಚಿಗಿಂತ ಚಿಕ್ಕದಾದರೆ ತಿಂಗಳಿಗೊಂದು ಊಟ, ಅದಕ್ಕಿಂತ ದೊಡ್ಡದು ಬೇಡ. ಕೆಲವು ಸರೋವರಗಳಿಗೆ ಇನ್ನೂ ಬಿಗಿಯಾದ ಸಲಹೆ ಇದೆ, ಅದೂ ಲೇಕ್‌ಫೈಂಡರಿನಲ್ಲೇ ಇದೆ. 15, 16 ಇಂಚಿನ ಗಂಡು ಮೀನು ರುಚಿಗೂ ಅದೇ ಮೇಲು. ಮಾಂಸ ಬಿಳಿ, ಮೆತ್ತಗೆ, ವಾಸನೆ ಕಡಿಮೆ. ತಲೆ ಕಡೆಯಿಂದ ಹೋಳಿನ ನಡುವೆ ಸಾಲಾಗಿ ಸಣ್ಣ ಮುಳ್ಳುಗಳಿರುತ್ತವೆ, ಮಕ್ಕಳಿಗೆ ಕೊಡುವ ಮುಂಚೆ ಬೆರಳಾಡಿಸಿ ತೆಗೆಯಿರಿ. ರವೆ ಫ್ರೈಗೆ ಚೆನ್ನಾಗಿ ಹೊಂದುತ್ತದೆ, ಹುಳಿ ಸಾರಿಗೆ ಹಾಕಿದರೆ ಒಡೆದುಹೋಗುತ್ತದೆ. ಮಸಾಲೆ, ರವೆ, ಒಂದು ದಪ್ಪ ತಳದ ಬಾಣಲೆ ಮನೆಯಿಂದಲೇ ತೆಗೆದುಕೊಂಡು ಹೋಗಿ. ಕ್ಯಾಬಿನ್ನಿನ ಅಡುಗೆಮನೆಯಲ್ಲಿ ಏನಿರುತ್ತದೆ ಅಂತ ನಂಬಿಕೊಂಡು ಹೋಗುವ ಹಾಗಿಲ್ಲ.